ಹೆಚ್ಚಾಗಿ ಉಳಿದ ಒಂದು ವಯರು

ಯಾವುದೇ ಯಂತ್ರವನ್ನು ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಒಂದೆರಡು ಭಾಗ ಕೈಯಲ್ಲಿ ಉಳಿಯದಿದ್ದರೆ ನನಗೆ ಎಲ್ಲೋ ತಪ್ಪಿದೆನೇನೋ ಎಂಬ ಅನುಮಾನ ಬರುತ್ತದೆ. ಗೋಡೆ ಗಡಿಯಾರದಿಂದ ಮಿಕ್ಸಿಯವರೆಗೆ ನಾನು ಕೈಯಿಟ್ಟ ಯಾವ ವಸ್ತುವೂ ಮೊದಲಿದ್ದಷ್ಟು ತೂಕದಲ್ಲಿ ಮತ್ತೆ ನಿಂತದ್ದಿಲ್ಲ. ಒಂದು ಸ್ಕ್ರೂ, ಒಂದು ಸ್ಪ್ರಿಂಗು, ಒಂದು ವಾಷರು ಹೀಗೆ ಏನಾದರೊಂದು ಅಂಗೈಯಲ್ಲಿ ಉಳಿದೇ ಉಳಿಯುತ್ತದೆ. ಆದರೂ ಗಡಿಯಾರ ನಡೆಯುತ್ತದೆ, ಮಿಕ್ಸಿ ತಿರುಗುತ್ತದೆ. ತಯಾರಿಸಿದವರು ಅಭ್ಯಾಸಬಲದಿಂದ ಒಂದೆರಡು ಭಾಗ ಹೆಚ್ಚು ಹಾಕಿರುತ್ತಾರೆ, ಅದನ್ನು ಪತ್ತೆ ಹಚ್ಚಿ ತೆಗೆದವನು ನಾನು ಎಂದುಕೊಂಡು ಒಳಗೊಳಗೇ ಬೀಗುತ್ತಿದ್ದೆ. ನನ್ನ ಈ ಬೀಗುವಿಕೆಯನ್ನು ಇಳಿಸಿದವರು ಕಾಪುವಿನಲ್ಲಿ ಮೀನು ಮಾರುವ ವಾರಿಜಕ್ಕ. ಅದಕ್ಕಾಗಿ ಅವರಿಗೆ ಎಷ್ಟು ಕೃತಜ್ಞನಾಗಿದ್ದೇನೆಂದು ಬಾಯಿಬಿಟ್ಟು ಹೇಳುವ ಧೈರ್ಯ ಅಂದು ಬರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾವು ಗದಗ ಸೀಮೆಯವರು. ಉಡುಪಿಯ ಒಂದು ಸರ್ಕಾರಿ ಕಚೇರಿಗೆ ನನ್ನನ್ನು ಎತ್ತಿ ಹಾಕಿದಾಗ, ಹೇಗೂ ಕನ್ನಡ ನಾಡೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡು ಬಂದೆವು. ಬಂದರೆ ಬಸ್ಸಿನಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ನನ್ನ ಕಡೆ ತಿರುಗಿದಾಗ ಮಾತ್ರ ಪಾಠ ಒಪ್ಪಿಸುವಂಥ ಶುದ್ಧ ಕನ್ನಡ. ಆ ಕನ್ನಡದ ಮುಂದೆ ನನ್ನ ಕನ್ನಡವೇ ಬೇರೆ ದೇಶದ್ದೆನಿಸಿ, ಊರಿಗೆ ಮರಳಿ ವರ್ಗ ಮಾಡಿರೆಂದು ಕೇಳುವ ಅರ್ಜಿಯನ್ನು ಬಂದ ತಿಂಗಳೇ ಬರೆಯಲು ಕೂತೆ. ನಮಗೆ ಬಾಡಿಗೆಗೆ ಸಿಕ್ಕಿದ್ದು ಕಾಪುವಿನಲ್ಲಿ, ಕಡಲಿಗೆ ಕೂಗಿನ ದೂರದಲ್ಲಿದ್ದ ವಾರಿಜಕ್ಕನ ಮನೆಯ ಒಂದು ಪಾಲು. ಗಂಡ ಸಂಜೀವಣ್ಣ ತೀರಿಕೊಂಡು ನಾಲ್ಕೈದು ವರ್ಷವಾಗಿತ್ತು. ವಾರಿಜಕ್ಕ ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಬಸ್ಸು ಹತ್ತಿ ಶಿರ್ವದ ಕಡೆ ಮನೆಮನೆಗೆ ಮೀನು ಮಾರಿ ಮಧ್ಯಾಹ್ನ ಮರಳುತ್ತಿದ್ದರು. ನಾವು ಮೀನು ತಿನ್ನುವವರಲ್ಲ ಎಂದು ತಿಳಿದ ದಿನದಿಂದ ಆ ಬುಟ್ಟಿ ನಮ್ಮ ಬಾಗಿಲ ಮುಂದೆ ಹಾದದ್ದಿಲ್ಲ. ಹಿತ್ತಿಲಿನಿಂದ ಸುತ್ತಿ ಬಂದು, ಬಾವಿಕಟ್ಟೆಯಲ್ಲಿ ಬುಟ್ಟಿ ತೊಳೆದು, ತಾವೂ ಮಿಂದು, ಆಮೇಲೆ ನಮ್ಮ ಜಗಲಿಗೆ ಬಂದು ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಹಾಗೆ ಮಾಡಿರೆಂದು ನಾವು ಹೇಳಿರಲಿಲ್ಲ. ಯಾರೂ ಹೇಳದೆ ಮಾಡುವಂಥ ಇಂಥ ಉಪಕಾರಕ್ಕೆ ಏನು ಹೇಳಬೇಕೆಂದು ನನಗೆ ಇವತ್ತಿಗೂ ತಿಳಿಯದು.

ಕಚೇರಿಗೆ ಕಂಪ್ಯೂಟರುಗಳು ಬಂದು, ನನಗಿಂತ ಹದಿನೈದು ವರ್ಷ ಚಿಕ್ಕವರು ನನಗೆ ಬುದ್ಧಿ ಹೇಳತೊಡಗಿದಾಗ, ಮಾನ ಉಳಿಸಿಕೊಳ್ಳಲು ನಾನೂ ಒಂದನ್ನು ಕೊಂಡೆ. ಮಣಿಪಾಲದ ಒಂದು ಅಂಗಡಿಯಲ್ಲಿ ಕಣ್ಣೆದುರಿಗೇ ಜೋಡಿಸಿಕೊಟ್ಟರು. ಅದರಲ್ಲಿ ಸಿ.ಡಿ. ಹಾಕುವ ಡ್ರೈವು ಇತ್ತು, ಹಾಡು ಕೇಳಲು ಎರಡು ಸ್ಪೀಕರುಗಳಿದ್ದವು. ನೂರಾರು ಹಾಡು ತುಂಬಿದ ಎಂಪಿಥ್ರೀ ಸಿ.ಡಿ.ಯೊಂದನ್ನು ಹಾಕಿ, ಜಗಲಿಗೆ ಬಂದವರಿಗೆಲ್ಲ ಕೇಳಿಸಿ, ಇದಕ್ಕೆ ಬಾರದ ವಿದ್ಯೆಯೇ ಇಲ್ಲ ಎಂದು ಹೇಳಿಕೊಂಡೆ. ಸಂಜೆಯ ಹೊತ್ತು ವರ್ಗಾವಣೆಯ ಅರ್ಜಿಯನ್ನು ಅದರಲ್ಲಿ ಟೈಪು ಮಾಡುತ್ತಿದ್ದೆ. ಒಮ್ಮೆ ತಾಯಿಯ ಅನಾರೋಗ್ಯ, ಒಮ್ಮೆ ನನ್ನ ಅನಾರೋಗ್ಯ, ಒಮ್ಮೆ ಇಲ್ಲಿಯ ಹವೆ, ಹೀಗೆ ಕಾರಣ ಬದಲಿಸಿ ಬದಲಿಸಿ ಹದಿನಾಲ್ಕು ಅರ್ಜಿಗಳಾದವು.

ಹವೆಯ ವಿಷಯ ಮಾತ್ರ ಸುಳ್ಳಲ್ಲ. ಕಡಲ ಬದಿಯಲ್ಲಿ ಎಲ್ಲಕ್ಕೂ ತುಕ್ಕು. ಗೇಟಿಗೆ ತುಕ್ಕು, ಸೈಕಲ್ಲಿಗೆ ತುಕ್ಕು, ನನ್ನ ಹೆಂಡತಿ ಸರೋಜಾಳ ತಲೆಯ ಪಿನ್ನಿಗೂ ತುಕ್ಕು. ಹೊಸ ಯಂತ್ರದ ಗತಿ ಏನಾದೀತೋ ಎಂದು ನಾನು ಹೆದರಿದ್ದಾಗ ಮಳೆಗಾಲ ಹತ್ತಿರ ಬಂತು. ಆ ದಿನಗಳಲ್ಲಿ ಕಾಪುವಿನ ಕಡಲತಡಿಗೆ ಹೋದರೆ ನೋಡಲು ಕಣ್ಣಿಗೆ ಹಬ್ಬ. ಕಡಲಿಗೆ ಇಳಿಯುವುದು ಎರಡು ತಿಂಗಳು ನಿಂತಿತೆಂದು ದೋಣಿಗಳನ್ನು ಮೇಲಕ್ಕೆ ಎಳೆದು, ತೆಂಗಿನ ಮಡಲಿನ ಚಪ್ಪರ ಹಾಕಿ, ಎಂಜಿನ್ನು ಬಿಚ್ಚಿ, ಒಂದೊಂದು ಭಾಗಕ್ಕೂ ಎಣ್ಣೆ ಸವರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮನೆಯ ಅಟ್ಟಕ್ಕೆ ಏರಿಸುತ್ತಾರೆ. ದೋಣಿಯಲ್ಲಿ ಕೂದಲು ಹಣ್ಣು ಮಾಡಿಕೊಂಡ ದೂಜಣ್ಣ ಎಂಬವರು, ಎಂಜಿನ್ನು ಎಂದ ಮೇಲೆ ಮಳೆಗಾಲದಲ್ಲಿ ಮಲಗಿಸಲೇಬೇಕು, ಇಲ್ಲದಿದ್ದರೆ ಆಗಸ್ಟಿನಲ್ಲಿ ಏಳುವುದಿಲ್ಲ ಎಂದು ನನಗೆ ಹೇಳಿದರು. ಅವರು ಹೇಳಿದ್ದು ದೋಣಿಯ ಎಂಜಿನ್ನಿಗೆ. ನಾನು ಮನೆಗೆ ಬಂದು ಕಂಪ್ಯೂಟರನ್ನು ಮಲಗಿಸಿದೆ.

ಮುಚ್ಚಳ ತೆಗೆದೆ. ಒಳಗಿನ ಒಂದೊಂದು ವಯರನ್ನೂ ಕಿತ್ತು, ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಹೊರಗಿನ ಸ್ಕ್ರೂಗಳಿಗೆ ತೆಂಗಿನೆಣ್ಣೆ ಸವರಿ, ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಿದೆ. ನಾಗರಪಂಚಮಿ ಕಳೆದ ಮೇಲೆ, ದೋಣಿಗಳು ಮತ್ತೆ ಕಡಲಿಗಿಳಿದ ವಾರದಲ್ಲೇ, ಕಂಪ್ಯೂಟರನ್ನೂ ಕೆಳಗಿಳಿಸಿ ಜೋಡಿಸಿದೆ. ಯಾವುದು ಎಲ್ಲಿ ಕೂರುತ್ತದೋ ಅದನ್ನು ಅಲ್ಲಿ ಕೂರಿಸಿದೆ. ಕೊನೆಗೆ ಒಂದು ಸಪೂರ ವಯರು ಉಳಿಯಿತು. ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚು, ಎರಡು ತುದಿಗೂ ನಾಲ್ಕು ತೂತಿನ ಪುಟ್ಟ ಪ್ಲಗ್ಗು. ಗುಂಡಿ ಒತ್ತಿದೆ. ಕಂಪ್ಯೂಟರು ಎದ್ದಿತು, ಎಂಪಿಥ್ರೀ ಹಾಡುಗಳು ಹಾಡಿದವು, ಹದಿನಾಲ್ಕು ಅರ್ಜಿಗಳೂ ಇದ್ದ ಹಾಗೇ ಇದ್ದವು. ಇನ್ನೇನು ಬೇಕು? ಜಗಲಿಯಲ್ಲಿ ಕೂತಿದ್ದ ವಾರಿಜಕ್ಕ ತಮ್ಮ ಎಲೆಯಡಿಕೆ ಡಬ್ಬಿಯ ಮುಚ್ಚಳ ನಿಲ್ಲುವುದಿಲ್ಲವೆಂದು ಅದಕ್ಕೆ ಬಾಳೆನಾರು ಸುತ್ತುತ್ತಿದ್ದರು. ನಾನು ಉದಾರವಾಗಿ ಆ ವಯರನ್ನು ಅವರಿಗೆ ಕೊಟ್ಟೆ. ಅವರು ಡಬ್ಬಿಗೆ ಎರಡು ಸುತ್ತು ಸುತ್ತಿ, ಗಂಟು ಹಾಕಿ, ಗಟ್ಟಿ ಉಂಟು ಎಂದು ಮೆಚ್ಚಿದರು. ಓದುಗರು ಮುಂದಿನದನ್ನು ಈಗಲೇ ಊಹಿಸಿ ನಕ್ಕರೆ ನನ್ನ ಅಡ್ಡಿಯಿಲ್ಲ. ನಾನು ಊಹಿಸಲು, ತೊಂದರೆ ಕಾಣಿಸಿದ ಮೇಲೂ, ಐದು ದಿನ ತೆಗೆದುಕೊಂಡೆ, ಅದೂ ನಾನಾಗಿ ಊಹಿಸಿದ್ದಲ್ಲ.

ಚಳಿಗಾಲ ಕಳೆಯುವ ಹೊತ್ತಿಗೆ ಭಜನಾ ಮಂದಿರದ ಮಂಗಲೋತ್ಸವ ಬಂತು. ಕಡಲತಡಿಯ ಒಂದೊಂದು ಗ್ರಾಮಕ್ಕೂ ಒಂದು ಭಜನಾ ಮಂದಿರವಿರುತ್ತದೆ. ವರ್ಷವಿಡೀ ನಡೆದ ಭಜನೆಗೆ ಒಂದು ದಿನ ಮಂಗಳ ಹಾಡಿ ಮುಗಿಸುತ್ತಾರೆ. ಸಂಜೀವಣ್ಣ ಇದ್ದಾಗ ಆ ಕೊನೆಯ ಮಂಗಳದ ಹಾಡು ಅವರದೇ. ಅವರು ಹೋದ ಮೇಲೆ ಹಾಡಿನ ಮಾತುಗಳು ಉಳಿದವು, ಧಾಟಿ ಉಳಿಯಲಿಲ್ಲ. ಕೊನೆಯ ಸಾಲಿನಲ್ಲಿ ಸ್ವರ ಮೇಲಕ್ಕೆ ಹೋಗಬೇಕೆಂದು ದೂಜಣ್ಣ, ಕೆಳಕ್ಕೆ ಇಳಿಯಬೇಕೆಂದು ಅವರ ವಾರಗೆಯ ಪದ್ದಣ್ಣ. ಪ್ರತಿ ವರ್ಷ ಅರ್ಧ ಮಂದಿರ ಮೇಲಕ್ಕೆ, ಅರ್ಧ ಮಂದಿರ ಕೆಳಕ್ಕೆ ಹಾಡಿ ದೇವರನ್ನು ಕಂಗೆಡಿಸುತ್ತಿತ್ತು. ಇಬ್ಬರ ನಡುವೆ ಮಾತು ನಿಲ್ಲುವ ಹಂತಕ್ಕೆ ಬಂದಿತ್ತು. ಸಂಜೀವಣ್ಣನ ಹಾಡು ಒಂದೇ ಒಂದು ಕ್ಯಾಸೆಟ್ಟಿನಲ್ಲಿತ್ತು, ಅದೂ ಸವೆದು ಟೇಪ್ ರೆಕಾರ್ಡರಿಗೆ ಸಿಕ್ಕಿಕೊಳ್ಳುತ್ತಿತ್ತು. ಬೊಂಬಾಯಿಯಲ್ಲಿದ್ದ ವಾರಿಜಕ್ಕನ ತಮ್ಮ ಅದನ್ನು ಕೊಂಡುಹೋಗಿ, ಗುರುತಿನವರೊಬ್ಬರಿಂದ ಆಡಿಯೋ ಸಿ.ಡಿ. ಮಾಡಿಸಿದ. ಆ ಕೆಲಸ ಮುಗಿಯುತ್ತಲೇ ಕ್ಯಾಸೆಟ್ಟಿನ ಟೇಪು ತುಂಡಾಯಿತಂತೆ. ಹೀಗಾಗಿ ಸಂಜೀವಣ್ಣನ ಸ್ವರ ಭೂಮಿಯ ಮೇಲೆ ಉಳಿದದ್ದು ಆ ಒಂದು ಸಿ.ಡಿ.ಯಲ್ಲಿ. ಬೊಂಬಾಯಿ ಬಸ್ಸಿನಲ್ಲಿ ಬಂದವರೊಬ್ಬರ ಕೈಯಲ್ಲಿ ಅದು ಬಂತು. ವಾರಿಜಕ್ಕ ಅದನ್ನು ದೇವರ ಮುಂದೆ ಇಟ್ಟು, ನೇರ ನನ್ನ ಬಳಿಗೆ ತಂದರು. ಬಾರದ ವಿದ್ಯೆಯಿಲ್ಲದ ಯಂತ್ರ ಊರಿನಲ್ಲಿ ಇದ್ದದ್ದು ನನ್ನಲ್ಲಿ ತಾನೇ?

ಭಾನುವಾರ ಸಂಜೆ ಇಡೀ ಭಜನಾ ಮಂಡಳಿ ನಮ್ಮ ಹೊರಕೋಣೆಯಲ್ಲಿ ಬಂದು ಕೂತಿತು. ತಾಳಗಳನ್ನೂ ತಂದಿದ್ದರು. ನಾನು ಪುರೋಹಿತನ ಗಾಂಭೀರ್ಯದಿಂದ ಸಿ.ಡಿ.ಯನ್ನು ಒಳಗೆ ತಳ್ಳಿದೆ. ಡ್ರೈವು ಗುಂಯ್ ಎಂದಿತು. ಪರದೆಯ ಮೇಲೆ ಒಂದನೆಯ ಹಾಡು ಎಂದು ಬಂದು ಸೆಕೆಂಡುಗಳು ಓಡತೊಡಗಿದವು. ಎಲ್ಲರೂ ಕೈಮುಗಿದರು. ಸದ್ದಿಲ್ಲ. ಮೊದಲು ಪ್ರಾರ್ಥನೆಗಾಗಿ ಮೌನವಿರಬಹುದೆಂದು ಯಾರೂ ಮಾತಾಡಲಿಲ್ಲ. ಎರಡು ನಿಮಿಷವಾಯಿತು, ಮೂರಾಯಿತು. ನಾನು ಸ್ಪೀಕರಿನ ಗುಂಡಿ ತಿರುಗಿಸಿದೆ, ತಟ್ಟಿದೆ, ಕಿವಿಯಿಟ್ಟೆ. ಸೆಕೆಂಡುಗಳು ಮಾತ್ರ ಓಡುತ್ತಲೇ ಇದ್ದವು. ಪದ್ದಣ್ಣ ಪರದೆಯನ್ನೇ ನೋಡುತ್ತಾ, ಸಂಜೀವ ಈಗ ಎರಡನೇ ಚರಣದಲ್ಲಿ ಇರಬೇಕು ಎಂದರು. ದೂಜಣ್ಣ ಅದಕ್ಕೂ ಒಪ್ಪಲಿಲ್ಲ, ಅವನು ಅಷ್ಟು ಬೇಗ ಹಾಡುವವನಲ್ಲ, ಇನ್ನೂ ಪಲ್ಲವಿಯಲ್ಲೇ ಇದ್ದಾನೆ ಎಂದರು. ಕೇಳದ ಹಾಡಿನ ಬಗ್ಗೆ ಅಲ್ಲೇ ಒಂದು ಸಣ್ಣ ಜಗಳವೂ ಆಯಿತು. ವಾರಿಜಕ್ಕ ಮಾತ್ರ ಬಾಗಿಲ ಬಳಿ ಗೋಡೆಗೊರಗಿ ಕೂತು, ಸ್ಪೀಕರುಗಳನ್ನು ಒಂದಾದ ಮೇಲೆ ಒಂದರಂತೆ ನೋಡುತ್ತಿದ್ದರು. ಉಪ್ಪುಗಾಳಿಗೆ ಏನೋ ಆಗಿದೆ, ಶನಿವಾರದ ಮಂಗಲೋತ್ಸವದೊಳಗೆ ಸರಿಮಾಡುತ್ತೇನೆ ಎಂದು ನಾನು ಮಾತು ಕೊಟ್ಟೆ.

ನಮ್ಮ ಕಚೇರಿಯಲ್ಲಿ ಕಾರ್ಕಳದಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಸಹೋದ್ಯೋಗಿ ಇದ್ದರು. ನನಗಿಂತ ಒಂದು ವರ್ಷ ಮೊದಲೇ ಕಂಪ್ಯೂಟರು ಕೊಂಡವರಾದ್ದರಿಂದ ಅವರು ಈ ವಿದ್ಯೆಯಲ್ಲಿ ನನಗೆ ಗುರು. ಚಹಾ ಕುಡಿಯುತ್ತಾ ನನ್ನ ಕಷ್ಟ ಕೇಳಿ, ಎಲ್ಲವನ್ನೂ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕು ಎಂದು ಹೇಳಿ ಒಂದು ಚೀಟಿಯಲ್ಲಿ ಕ್ರಮ ಬರೆದುಕೊಟ್ಟರು. ತಲೆನೋವಿಗೂ ಅವರು ಅದನ್ನೇ ಹೇಳುತ್ತಿದ್ದರೇನೋ. ಚೀಟಿಯಲ್ಲಿದ್ದಂತೆ ಮಾಡಿದೆ. ಹದಿನಾಲ್ಕು ಅರ್ಜಿಗಳೂ ಹೇಳಹೆಸರಿಲ್ಲದೆ ಹೋದವು. ಸಿ.ಡಿ. ಹಾಕಿದರೆ ಮತ್ತೆ ಅದೇ ಮೌನ. ಆ ಅರ್ಜಿಗಳನ್ನು ಮತ್ತೆ ಟೈಪು ಮಾಡುವ ಹುಮ್ಮಸ್ಸು ನನಗೆ ಬರಲಿಲ್ಲ, ನಾವು ಕಾಪುವಿನಲ್ಲಿ ಹನ್ನೊಂದು ವರ್ಷ ಉಳಿದೆವು. ಆ ಕಾರ್ಕಳದವರಿಗೂ ನನ್ನ ನಮಸ್ಕಾರ ಸಲ್ಲಬೇಕು.

ಬುಧವಾರ ರಜೆ ಹಾಕಿ, ಕಂಪ್ಯೂಟರಿನ ಪೆಟ್ಟಿಗೆಯನ್ನು ಸ್ಪೀಕರುಗಳ ಸಮೇತ ಹಳೆಯ ಕಂಬಳಿಯಲ್ಲಿ ಸುತ್ತಿ ಮಣಿಪಾಲಕ್ಕೆ ಹೊರಟೆ. ಆ ಕಡೆಯ ಎಕ್ಸ್‌ಪ್ರೆಸ್ ಬಸ್ಸುಗಳ ಕಂಡಕ್ಟರರಿಗೆ ಮನುಷ್ಯರನ್ನು ತುರುಕುವುದರಲ್ಲಿ ದಯೆದಾಕ್ಷಿಣ್ಯವಿಲ್ಲ, ಆದರೆ ಸಾಮಾನಿನ ಮೇಲೆ ತುಂಬ ಅಕ್ಕರೆ. ಪೆಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸಿ ಡ್ರೈವರನ ಪಕ್ಕದ ಬಿಸಿ ಬಾನೆಟ್ಟಿನ ಮೇಲೆ ಇಡಿಸಿದರು. ನಾನು ಹಿಂದೆ ಒಂಟಿಕಾಲಲ್ಲಿ ನಿಂತು ಕಣ್ಣಲ್ಲೇ ಅದನ್ನು ಕಾಯ್ದೆ. ಉಡುಪಿಯಲ್ಲಿ ಬಸ್ಸು ಬದಲಿಸುವಾಗ ಒಬ್ಬಾಕೆ ಕಂಬಳಿಯ ಅಂಚು ಸರಿಪಡಿಸಿ, ಟಿ.ವಿ.ಯೋ ಎಂದು ಕೇಳಿದರು. ಹೌದೆಂದೆ. ವಿವರಿಸುವ ತ್ರಾಣವಿರಲಿಲ್ಲ.

ಮಣಿಪಾಲದ ಅಂಗಡಿಯವರು ಮುಚ್ಚಳ ತೆಗೆಯುವ ಗೋಜಿಗೆ ಹೋಗಲಿಲ್ಲ. ವಯರು ಸಿಕ್ಕಿಸಿ ತಮ್ಮ ಎಂಪಿಥ್ರೀ ಸಿ.ಡಿ. ಒಂದನ್ನು ಹಾಕಿದರು. ಅಂಗಡಿ ಅದುರುವಷ್ಟು ಜೋರಾಗಿ ಹಾಡು ಬಂತು. ಡ್ರೈವು ಸರಿ, ಸ್ಪೀಕರು ಸರಿ, ದೋಷವೇನಿದ್ದರೂ ನಿಮ್ಮ ಸಿ.ಡಿ.ಯದು, ಮನೆಯಲ್ಲಿ ಬರೆದ ಸಿ.ಡಿ.ಗಳು ಎಷ್ಟೋ ಸಲ ಖಾಲಿಯೇ ಇರುತ್ತವೆ ಎಂದರು. ಅವರದು ತಪ್ಪೆನ್ನಲಾರೆ. ಸಂಜೀವಣ್ಣನ ಸಿ.ಡಿ.ಯನ್ನು ಬಸ್ಸಿನ ನೂಕಾಟಕ್ಕೆ ಹೆದರಿ ನಾನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಅವರ ಮಾತು ನನಗೂ ಹಿತವಾಗಿತ್ತು. ನನ್ನ ಯಂತ್ರ ನಿರ್ದೋಷಿ ಎಂದು ಸಾಬೀತಾಯಿತಲ್ಲ. ಆ ಸಂತೋಷದಲ್ಲಿ ಮನೆಗೆ ಬಂದವನೇ ವಾರಿಜಕ್ಕನಿಗೆ, ಸಿ.ಡಿ.ಯಲ್ಲಿ ಏನೂ ಇಲ್ಲ, ಅದು ಖಾಲಿ ಎಂದು ಹೇಳಿಬಿಟ್ಟೆ.

ಅವರು ಸಿ.ಡಿ.ಯನ್ನು ಸೆರಗಿನಿಂದ ಒರೆಸಿ ಕವರಿಗೆ ಹಾಕಿಕೊಂಡು ಒಳಗೆ ಹೋದರು. ಆ ಸಂಜೆ ಎಲೆಯಡಿಕೆ ಹಾಕಲು ಜಗಲಿಗೆ ಬರಲಿಲ್ಲ. ಅಷ್ಟು ಹೊತ್ತಿಗೆ ನನ್ನ ಸಂತೋಷ ಇಳಿದು, ನಾನು ಹೇಳಿದ್ದರ ಅರ್ಥ ನನಗೇ ತಲುಪಿತು. ಒಬ್ಬ ಹೆಂಗಸಿಗೆ ಆಕೆಯ ಗಂಡನ ಸ್ವರ ಇನ್ನು ಎಲ್ಲಿಯೂ ಇಲ್ಲ ಎಂದು, ಕೈಕಾಲು ತೊಳೆಯುವ ಮೊದಲೇ, ಗೆದ್ದವನ ಹಾಗೆ ಹೇಳಿ ಬಂದಿದ್ದೆ. ನನ್ನ ಬಗ್ಗೆ ನನಗೆ ಅಷ್ಟು ನಾಚಿಕೆಯಾದದ್ದು ಕಡಿಮೆ.

ಮರುದಿನ ಮಧ್ಯಾಹ್ನ ನಾನು ಮನೆಯಲ್ಲೇ ಇದ್ದೆ, ನಾಚಿಕೆಯಿಂದ ಮತ್ತೊಂದು ರಜೆ ಹಾಕಿದ್ದೆ. ವಾರಿಜಕ್ಕ ಮಿಂದು, ಸಿ.ಡಿ.ಯನ್ನೂ ಎಲೆಯಡಿಕೆ ಡಬ್ಬಿಯನ್ನೂ ಹಿಡಿದು ಬಂದರು. ಎಸ್.ಟಿ.ಡಿ. ಬೂತಿನಿಂದ ತಮ್ಮನಿಗೆ ಫೋನು ಮಾಡಿದ್ದರಂತೆ. ಅವನು ತನ್ನ ಕಿವಿಯಾರೆ ಕೇಳಿಯೇ ಕಳಿಸಿದ್ದನಂತೆ.

"ಅದರಲ್ಲಿ ಸ್ವರ ಉಂಟು ಸಾರ್," ಎಂದರು. "ನಿಮ್ಮ ಪೆಟ್ಟಿಗೆಯ ಹೊಟ್ಟೆ ಒಮ್ಮೆ ತೆಗೀರಿ, ನಾನೂ ನೋಡ್ತೇನೆ."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆನೇನೋ. ಅಂದು ಸುಮ್ಮನೆ ಮುಚ್ಚಳ ತೆಗೆದೆ. ವಾರಿಜಕ್ಕ ಗಂಡ ಬಲೆ ಹೆಣೆಯುವಾಗ ಇನ್ನೊಂದು ತುದಿ ಹಿಡಿದು ಕೂತು ಅಭ್ಯಾಸವಿದ್ದವರು, ಎಲ್ಲಿ ಕಣ್ಣು ಕಡಿದಿದೆ ಎಂಬುದು ಅವರಿಗೆ ದೂರದಿಂದಲೇ ಕಾಣುತ್ತದೆ. ಸಿ.ಡಿ. ಕೂರುವುದೆಲ್ಲಿ ಎಂದು ಕೇಳಿದರು, ತೋರಿಸಿದೆ. ಸ್ವರ ಹೊರಗೆ ಬರುವುದೆಲ್ಲಿಂದ ಎಂದರು, ಸ್ಪೀಕರಿನ ವಯರು ಸಿಕ್ಕಿಸುವ ಸೌಂಡ್ ಕಾರ್ಡನ್ನು ತೋರಿಸಿದೆ. ಒಂದು ಬೆರಳನ್ನು ಡ್ರೈವಿನ ಹಿಂಬದಿಯಲ್ಲಿಟ್ಟರು, ಇನ್ನೊಂದನ್ನು ಕಾರ್ಡಿನ ಮೇಲಿಟ್ಟರು.

"ಇಲ್ಲಿ ನಾಲ್ಕು ಮುಳ್ಳು ಉಂಟು. ಅಲ್ಲಿಯೂ ನಾಲ್ಕು ಮುಳ್ಳು ಉಂಟು. ನಡುವೆ ಎಂತದೂ ಇಲ್ಲ ಅಲ್ವಾ?"

ನಾನು ನೋಡಿದೆ. ಎಂತದೂ ಇರಲಿಲ್ಲ. ಅವರು ಕೆಳಗೆ ಕೂತು, ಎಲೆಯಡಿಕೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಅದಕ್ಕೆ ಸುತ್ತಿದ್ದ ವಯರಿನ ಗಂಟು ಬಿಚ್ಚತೊಡಗಿದರು. ನಾಲ್ಕು ತೂತಿನ ಆ ಪ್ಲಗ್ಗು ಆರು ತಿಂಗಳಿಂದ ದಿನಕ್ಕೆ ಹತ್ತು ಸಲ ಅವರ ಬೆರಳಿಗೆ ತಾಗುತ್ತಿತ್ತು. ವಯರು ಸುಣ್ಣ ಮೆತ್ತಿಕೊಂಡು, ಒಂದು ಕಡೆ ಹಸಿರು ಹಿಡಿದಿತ್ತು. ಸರೋಜಾ ಒಳಗಿನಿಂದ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ತಂದುಕೊಟ್ಟಳು. ತಿಕ್ಕಿ, ಒರೆಸಿ, ಬಿಸಿಲಿಗೆ ಹಿಡಿದು, ಎರಡು ತುದಿಯನ್ನೂ ಸಿಕ್ಕಿಸಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು. ಹೇಳಿ ಮಾಡಿಸಿದ್ದೇ ಆಗಿತ್ತಲ್ಲ. ಎಂಪಿಥ್ರೀ ಹಾಡುಗಳು ಅಗಲವಾದ ಪಟ್ಟಿಯಂಥ ದೊಡ್ಡ ವಯರಿನಲ್ಲಿ ಬರುತ್ತವೆ, ಆಡಿಯೋ ಸಿ.ಡಿ.ಯ ಸ್ವರ ಮಾತ್ರ ಡ್ರೈವಿನಲ್ಲೇ ಹುಟ್ಟಿ ಈ ಸಪೂರ ವಯರಿನಲ್ಲಿ ಹಾದು ಸ್ಪೀಕರಿಗೆ ಹೋಗಬೇಕು ಎಂಬುದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಆ ಹೊತ್ತಿಗೆ ಅದನ್ನು ನನಗೆ ತಿಳಿಸಿಕೊಡಬಲ್ಲವರು ಆ ಕೋಣೆಯಲ್ಲಿ ಒಬ್ಬರೇ ಇದ್ದರು, ಅದು ನಾನಲ್ಲ.

ಸಿ.ಡಿ. ಹಾಕಿ ಕೇಳೋಣವೇ ಎಂದೆ. ವಾರಿಜಕ್ಕ ಬೇಡವೆಂದರು. ಮಂಡಳಿಯವರೂ ಬರಲಿ ಎಂದರು. ಅಷ್ಟು ದಿನ ಕಾದವರು ಸಂಜೆಯವರೆಗೂ ಕಾದರು. ಸಂಜೆ ಎಲ್ಲರೂ ಬಂದರು, ಈ ಸಲ ತಾಳ ತಂದಿರಲಿಲ್ಲ. ನಾನು ಗುಂಡಿ ಒತ್ತಿದೆ. ಎಡಗಡೆಯ ಸ್ಪೀಕರು ಒಮ್ಮೆ ಕರಕರ ಎಂದಿತು. ಬಲಗಡೆಯದು ಕೊನೆಯವರೆಗೂ ಬಾಯಿಬಿಡಲಿಲ್ಲ, ಹಸಿರು ಹಿಡಿದ ತಂತಿಯದು ಅದು. ಮೊದಲು ಯಾರೋ ಕೆಮ್ಮಿದರು, ಹಾರ್ಮೋನಿಯಂ ಎದ್ದಿತು, ಅದರ ಹಿಂದೆ ದಪ್ಪನೆಯ, ಸ್ವಲ್ಪ ಒಡಕಿನ, ಅವಸರವಿಲ್ಲದ ಒಂದು ಸ್ವರ. ನಾನು ಸಂಜೀವಣ್ಣನನ್ನು ಕಂಡವನಲ್ಲ. ಆದರೂ ಎದುರಿಗೆ ಬಂದು ಕೂತರೆಂದು ಎದ್ದು ನಿಲ್ಲಬೇಕೆನಿಸಿತು. ವಾರಿಜಕ್ಕ ಸ್ಪೀಕರಿನ ಹತ್ತಿರ ಸರಿದು ಕಣ್ಣು ಮುಚ್ಚಿ ಕೂತರು.

ಹಾಡು ಕೊನೆಯ ಸಾಲಿಗೆ ಬಂತು. ದೂಜಣ್ಣನೂ ಪದ್ದಣ್ಣನೂ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿದರು. ಸಂಜೀವಣ್ಣ ಅಲ್ಲಿ ನಿಂತುಬಿಟ್ಟರು. ಹಾರ್ಮೋನಿಯಂ ಎರಡು ಸಲ ಅದೇ ಜಾಗದಲ್ಲಿ ಸುತ್ತಿತು. ಆಗ ಹಿಂದಿನ ಎಲ್ಲಿಂದಲೋ ಒಂದು ಹೆಣ್ಣು ಸ್ವರ ಮೆಲ್ಲನೆ, ಆದರೆ ಸ್ಪಷ್ಟವಾಗಿ, ಆ ಸಾಲನ್ನು ಹಾಡಿ ತೋರಿಸಿತು. ಸ್ವರ ಮೊದಲು ಮೇಲಕ್ಕೆ ಹೋಗಿ, ಅಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಕೆಳಕ್ಕೆ ಇಳಿಯಿತು. ಸಂಜೀವಣ್ಣ ಅದನ್ನು ಎತ್ತಿಕೊಂಡು ಮಂಗಳ ಮುಗಿಸಿದರು. ಕೋಣೆಯಲ್ಲಿದ್ದವರೆಲ್ಲ ವಾರಿಜಕ್ಕನ ಕಡೆ ತಿರುಗಿದರು. ಅವರ ನಡುವೆ ಮಾತು ನಡೆದದ್ದು ತುಳುವಿನಲ್ಲಿ, ನನಗೆ ತಿಳಿದಷ್ಟನ್ನು ಕನ್ನಡದಲ್ಲಿ ಹೇಳುತ್ತೇನೆ. ಅದು ನಿನ್ನ ಸ್ವರ ಅಲ್ಲವಾ ಎಂದು ದೂಜಣ್ಣ ಕೇಳಿದರು. ಹೌದು, ಅವರಿಗೆ ಆ ಸಾಲು ಯಾವಾಗಲೂ ಕೈಕೊಡುತ್ತಿತ್ತು, ಹಿಂದೆ ಕೂತು ನಾನು ಎತ್ತಿಕೊಡುತ್ತಿದ್ದೆ ಎಂದರು ವಾರಿಜಕ್ಕ. ಹಾಗಾದರೆ ಇಷ್ಟು ವರ್ಷ ನಮ್ಮ ಜಗಳ ನೋಡುತ್ತಾ ಕೂತದ್ದು ಯಾಕೆ ಎಂದು ಪದ್ದಣ್ಣ ಕೇಳಿದರು.

"ನನ್ನನ್ನು ಯಾರಾದರೂ ಕೇಳಿದ್ರಾ?" ಎಂದರು ವಾರಿಜಕ್ಕ. ಇಷ್ಟನ್ನು ಮಾತ್ರ ಅವರು ಕನ್ನಡದಲ್ಲೇ, ನನ್ನ ಕಡೆಗೂ ಒಮ್ಮೆ ನೋಡಿ ಹೇಳಿದರು. ಆಮೇಲೆ, "ಧಾಟಿ ನನಗೆ ಗೊತ್ತುಂಟು ಸಾರ್. ನನಗೆ ಬೇಕಾದದ್ದು ಅವರ ಸ್ವರ," ಎಂದರು.

ಮತ್ತೊಮ್ಮೆ ಹಾಕಿದೆ. ಆಮೇಲೆ ಯಾರೂ ಹೇಳದೆಯೇ ಇನ್ನೂ ಒಮ್ಮೆ ಹಾಕಿದೆ.

ಶನಿವಾರ ಸಂಜೆ ಮಂದಿರದಲ್ಲಿ ಕೊನೆಯ ಮಂಗಳಕ್ಕೆ ದೂಜಣ್ಣ ಎದ್ದು ಹೋಗಿ ವಾರಿಜಕ್ಕನನ್ನು ಮುಂದೆ ಕರೆತಂದು ನಿಲ್ಲಿಸಿದರು. ಅವರು ಹೇಳಿಕೊಟ್ಟರು, ಗಂಡಸರೆಲ್ಲ ಹಿಂದಿನಿಂದ ಹಾಡಿದರು. ಇಡೀ ಮಂದಿರ ಒಂದೇ ಕಡೆ ಮೇಲಕ್ಕೆ ಹೋಗಿ ಒಂದೇ ಕಡೆ ಕೆಳಗಿಳಿದದ್ದನ್ನು ನಾನು ಮೊದಲ ಸಲ ಕೇಳಿದೆ. ಕಣ್ಣು ತುಂಬಿ ಬಂತು. ಇಂಥದ್ದನ್ನು ಕೇಳಲು ಈ ಊರಿಗೆ ನನ್ನನ್ನು ಎತ್ತಿ ಹಾಕಿದ ಮೇಲಧಿಕಾರಿಗೂ ಮನಸ್ಸಿನಲ್ಲೇ ಕೈಮುಗಿದೆ.

ಪ್ರಸಾದ ಹಿಡಿದು ಮನೆಗೆ ಮರಳುವಾಗ ನನ್ನಲ್ಲಿ ಜ್ಞಾನ ಉಕ್ಕಿ ಹರಿಯುತ್ತಿತ್ತು. ನೋಡು, ನಮ್ಮ ಗಂಡಸರ ತಪ್ಪೇ ಇದು, ಕಾರ್ಕಳದವರನ್ನು ಕೇಳುತ್ತೇವೆ, ಮಣಿಪಾಲದವರನ್ನು ಕೇಳುತ್ತೇವೆ, ಮನೆಯಲ್ಲಿ ಕಣ್ಣೆದುರಿಗೆ ಕೂತ ಹೆಂಗಸರನ್ನು ಒಂದು ಮಾತು ಕೇಳುವುದಿಲ್ಲ, ಎಂದು ಸರೋಜಾಳಿಗೆ ದಾರಿಯುದ್ದಕ್ಕೂ ಉಪದೇಶ ಮಾಡಿದೆ. ಅವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳು. ಗೇಟಿನ ಚಿಲಕ ತೆಗೆಯುತ್ತಾ, "ವಾರಿಜಕ್ಕಗ ಕೊಟ್ರಲ್ಲ, ಆ ವಯರು ಇದಕ್ಕ ಸಂಬಂಧಪಟ್ಟದ್ದೇನು ಅಂತ ಸೋಮವಾರ ಮುಂಜಾನೆನ ನಾ ಕೇಳಿದ್ನಲ್ರಿ," ಎಂದಳು.

ಅದಕ್ಕೆ ನಾನೇನು ಹೇಳಿದೆ ಎಂದು ಅವಳನ್ನೇ ಕೇಳಿದೆ.

"ನಿನಗ ತಿಳಿಯೂದಿಲ್ಲ, ಸುಮ್ನಿರು ಅಂದ್ರಿ."

ಹಾಗೆ ಅಂದ ನೆನಪು ನನಗೆ ಸ್ವಲ್ಪವೂ ಇಲ್ಲ. ಆದರೆ ಮಾತು ನನ್ನದೇ ಎಂಬುದರಲ್ಲಿ ಸಂಶಯವೂ ಇಲ್ಲ.